ಮುಟ್ಟಬೇಕು, ಪೆಟ್ಟಾಗಬಾರದು

ಕರಾಟೆ ಈಗ ದೊಡ್ಡ ಪೇಟೆಯ ವಿದ್ಯೆಯಾಗಿ ಉಳಿದಿಲ್ಲ. ಬೇಲೂರು ತಾಲ್ಲೂಕಿನ ಅರೇಹಳ್ಳಿಯಂಥ ಕಾಫಿಸೀಮೆಯ ಊರಿನ ಮಕ್ಕಳಿಗೂ ಬಿಳಿ ಸಮವಸ್ತ್ರ, ಸೊಂಟದ ಬಣ್ಣದ ಬೆಲ್ಟು ಹೊಸತಲ್ಲ. ತರಗತಿಯಲ್ಲಿ ಹುಡುಗರು, ಹುಡುಗಿಯರು ಒಂದೇ ಸಾಲಿನಲ್ಲಿ ನಿಂತು ಪಂಚ್ ಹೊಡೆಯುತ್ತಾರೆ, ನಿಗದಿತ ಚಲನೆಗಳ ಸರಣಿಯಾದ ಕಟಾವನ್ನು ಒಟ್ಟಿಗೇ ಮಾಡುತ್ತಾರೆ. ಎದುರುಬದುರು ನಿಂತು ಆಡುವ ಕುಮಿತೆಯ ಹೊತ್ತಿಗೆ ಮಾತ್ರ ಎಷ್ಟೋ ಕಡೆ ಸಾಲು ಒಡೆಯುತ್ತದೆ: ಹುಡುಗರು ಆ ಕಡೆ, ಹುಡುಗಿಯರು ಈ ಕಡೆ. ಸಂಕೋಚ, ಪೆಟ್ಟಾದೀತೆಂಬ ಭಯ, ಮನೆಯವರು ಏನಂದಾರೋ ಎಂಬ ಅಳುಕು, ಎಲ್ಲವೂ ಅರ್ಥವಾಗುವಂಥವೇ. ಆದರೂ ಈ ವಿದ್ಯೆಯ ಅತ್ಯಂತ ಸೂಕ್ಷ್ಮವಾದ ಪಾಠ ದಕ್ಕುವುದು ಗಂಡು ಹೆಣ್ಣು ಒಬ್ಬರಿಗೊಬ್ಬರು ಎದುರಾಗಿ ಅಭ್ಯಾಸ ಮಾಡಿದಾಗಲೇ.

ಕುಮಿತೆಯನ್ನು ಹಂತಹಂತವಾಗಿ ಕಲಿಸುತ್ತಾರೆ. ಮೊದಲ ಹಂತದಲ್ಲಿ ಎಲ್ಲವೂ ಮುಂಚಿತವಾಗಿ ಗೊತ್ತು. ಹೊಡೆಯುವವರು ಗುರಿಯನ್ನು ಬಾಯಿಬಿಟ್ಟು ಹೇಳಬೇಕು: ‘ಜೋದಾನ್’ ಎಂದರೆ ಮುಖ, ‘ಚೂದಾನ್’ ಎಂದರೆ ಎದೆ ಮತ್ತು ಹೊಟ್ಟೆ. ಹೇಳಿ, ಮೂರು ಹೆಜ್ಜೆ ಮುಂದಿಟ್ಟು ಮೂರು ಪಂಚ್. ಎದುರಿನವರು ಮೂರು ಹೆಜ್ಜೆ ಹಿಂದೆ ಸರಿಯುತ್ತ ಮೂರನ್ನೂ ತಡೆದು, ಕೊನೆಯದರ ಬೆನ್ನಿಗೇ ಒಂದು ಮರುಏಟು ಕೊಡಬೇಕು. ಇದು ಸಾನ್‌ಬೊನ್ ಕುಮಿತೆ. ಮುಂದಿನದು ಇಪ್ಪೊನ್ ಕುಮಿತೆ: ಒಂದೇ ಹೆಜ್ಜೆ, ಒಂದೇ ಏಟು. ತಪ್ಪು ತಿದ್ದಿಕೊಳ್ಳಲು ಎರಡನೆಯ ಹೆಜ್ಜೆ ಇಲ್ಲ. ಕಡೆಯ ಹಂತ ಜಿಯು ಕುಮಿತೆ. ಅಲ್ಲಿ ಯಾವ ಏಟು, ಎಲ್ಲಿಗೆ, ಯಾವಾಗ ಎಂದು ಯಾರೂ ಯಾರಿಗೂ ಹೇಳುವುದಿಲ್ಲ.

ಈ ಮೂರೂ ಹಂತಗಳಲ್ಲಿ ಕಣ್ಣು ಕಲಿಯುವ ಮೊದಲ ಪಾಠ ಅಂತರದ್ದು. ಜಪಾನಿನವರು ಇದನ್ನು ‘ಮಾ-ಆಯ್’ ಎನ್ನುತ್ತಾರೆ. ತನ್ನಷ್ಟೇ ಎತ್ತರದ, ತನ್ನಷ್ಟೇ ಉದ್ದ ತೋಳಿನವರ ಜೊತೆ ದಿನಾ ಆಡುವವರಿಗೆ ಒಂದೇ ಅಳತೆ ಮೈಗೆ ಅಂಟಿಕೊಂಡುಬಿಡುತ್ತದೆ. ಐದು ಅಡಿಯ ಹುಡುಗಿ ಆರು ಅಡಿಯ ಹುಡುಗನ ಮುಂದೆ ನಿಂತಾಗ ಆ ಅಳತೆ ಕೆಲಸಕ್ಕೆ ಬರುವುದಿಲ್ಲ. ಅವಳ ಕೈ ಅವನನ್ನು ತಲುಪದ ದೂರದಿಂದಲೇ ಅವನ ಕಾಲು ಅವಳನ್ನು ತಲುಪುತ್ತದೆ. ನೇರ ಹಿಂದೆ ಸರಿದರೆ ಅವನ ಉದ್ದವೇ ಗೆಲ್ಲುತ್ತದೆ. ಹಾಗಾಗಿ ಅವಳು ಓರೆಯಾಗಿ, ಏಟಿನ ಗೆರೆಯಿಂದ ಪಕ್ಕಕ್ಕೆ ಜಾರಿ, ಅವನ ತೋಳು ಹಿಂದಕ್ಕೆ ಹೋಗುವ ಮುನ್ನವೇ ಒಳಗೆ ನುಗ್ಗಬೇಕು. ಒಳಗೆ ಬಂದ ಮೇಲೆ ಅವನ ಉದ್ದ ತೋಳೇ ಅವನಿಗೆ ತೊಡಕು. ಅವನಿಗೂ ಇದರಲ್ಲಿ ಪಾಠವಿದೆ. ಕೆಳಗಿನಿಂದ, ಚುರುಕಾಗಿ ನುಗ್ಗಿ ಬರುವ ಮೈಯನ್ನು ಅವನು ಬರಿಯ ಬಲದಿಂದ ನಿಲ್ಲಿಸಲಾರ. ನಿಲುವನ್ನು ತಗ್ಗಿಸಬೇಕು, ಹೆಜ್ಜೆಯನ್ನು ಚಿಕ್ಕದು ಮಾಡಬೇಕು.

ಎರಡನೆಯ ಪಾಠ ಹತೋಟಿ. ಒಳ್ಳೆಯ ಕರಾಟೆ ಪಂಚ್ ಮುಷ್ಟಿಯಿಂದ ಹೊರಡುವುದಿಲ್ಲ. ಹಿಂಗಾಲು ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಆ ತಿರುವು ಹೆಗಲಿಗೆ ಬಂದು ತೋಳನ್ನು ಮುಂದಕ್ಕೆ ಕಳಿಸುತ್ತದೆ. ಅದೇ ಗಳಿಗೆಯಲ್ಲಿ ಇನ್ನೊಂದು ಕೈ ಸೊಂಟದ ಕಡೆಗೆ ಹಿಂದೆ ಬರುತ್ತದೆ. ದಾರಿಯುದ್ದಕ್ಕೂ ಸಡಿಲವಾಗಿದ್ದ ಮೈ ಮುಟ್ಟುವ ಕ್ಷಣದಲ್ಲಿ ಮಾತ್ರ ಬಿಗಿಯಾಗುತ್ತದೆ. ಇಷ್ಟೆಲ್ಲ ವೇಗವನ್ನು ಎದುರಿನವರ ಚರ್ಮದ ಹತ್ತಿರ ತಂದು ನಿಲ್ಲಿಸುವುದಿದೆಯಲ್ಲ, ಹೊಡೆಯುವುದಕ್ಕಿಂತ ಕಷ್ಟದ ಕೆಲಸ ಅದು. ಹೊಡೆತ ಎಲ್ಲಿ ಮುಗಿಯಬೇಕೆಂಬ ತೀರ್ಮಾನ ಸೊಂಟದಲ್ಲೇ ಆಗಿರಬೇಕು. ಮುಷ್ಟಿ ಹೊರಟ ಮೇಲೆ ತೀರ್ಮಾನಿಸಲು ಹೊತ್ತಿರುವುದಿಲ್ಲ.

ಗಂಡು ಹೆಣ್ಣು ಜೋಡಿಯಾದಾಗ ಈ ಹತೋಟಿಗೆ ನಿಜವಾದ ಪರೀಕ್ಷೆ. ಸಾಮಾನ್ಯವಾಗಿ ಹುಡುಗರು ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾರೆ. ಕೆಲವರು ಹುಡುಗಿಯ ಎದುರು ಸೋಲಬಾರದೆಂದು ಬಲ ಹಾಕುತ್ತಾರೆ. ಇದು ಎಲ್ಲರ ಕಣ್ಣಿಗೂ ಬೀಳುವ ತಪ್ಪು, ಮಾಸ್ಟರು ತಕ್ಷಣ ತಿದ್ದುತ್ತಾರೆ. ಎರಡನೆಯದು ಒಳ್ಳೆಯತನದ ವೇಷದಲ್ಲಿ ಬರುತ್ತದೆ. ಪಾಪ, ನೋವಾದೀತು ಎಂದು ಪಂಚನ್ನು ಒಂದು ಗೇಣು ಮೊದಲೇ ನಿಲ್ಲಿಸುವುದು, ಇಲ್ಲವೇ ಕಿವಿಯ ಪಕ್ಕಕ್ಕೆ ಬಿಡುವುದು. ಆಗ ಅವಳು ತಡೆಯದಿದ್ದರೂ ಏಟು ತಗಲುವುದಿಲ್ಲ; ತಡೆದರೆ, ಬಾರದ ಏಟನ್ನು ತಡೆದಂತೆ. ತಿಂಗಳುಗಟ್ಟಲೆ ಹೀಗೆ ಕಲಿತವಳ ಕೈಗೆ ಸುಳ್ಳು ಧೈರ್ಯ ಬಂದಿರುತ್ತದೆ. ಆದ್ದರಿಂದ ಈ ಅಭ್ಯಾಸದ ಮೂಲಸೂತ್ರ ಇಷ್ಟು: ಬಲ ಕಡಿಮೆ ಮಾಡಿ, ವೇಗ ಕಡಿಮೆ ಮಾಡಿ, ಗುರಿಯನ್ನು ಮಾತ್ರ ಸುಳ್ಳಾಗಿಸಬೇಡಿ. ನಿಧಾನಕ್ಕೆ ಬಂದರೂ ಪಂಚ್ ಎದೆಯ ನಡುವಿಗೇ ಬರಬೇಕು, ತಡೆಯದಿದ್ದರೆ ಮುಟ್ಟಬೇಕು. ಜೊತೆಗಾರ್ತಿಗೆ ಕೊಡುವ ನಿಜವಾದ ಮರ್ಯಾದೆ ಇದೇ.

ಹುಡುಗಿಯರೂ ದಾಟಬೇಕಾದ ಒಂದು ಹೊಳೆ ಇದೆ. ತಮ್ಮ ಏಟು ಎದುರಿನವರಿಗೆ ತಗಲಿದ ಕೂಡಲೇ ಕೈ ಕೆಳಗಿಳಿಸಿ ‘ಸಾರಿ’ ಎನ್ನುವುದು, ಹುಡುಗನ ಮುಖಕ್ಕೆ ಗುರಿಯಿಡಲು ಹಿಂಜರಿಯುವುದು. ಚಿಕ್ಕಂದಿನಿಂದ ‘ಹೆಣ್ಣುಮಕ್ಕಳು ಕೈ ಎತ್ತಬಾರದು’ ಎಂದು ಕೇಳುತ್ತ ಬೆಳೆದ ಮೈ ಒಂದೇ ದಿನಕ್ಕೆ ಅದನ್ನು ಮರೆಯುವುದಿಲ್ಲ. ಬಾಗಿ ನಮಸ್ಕರಿಸಿ ಆಟ ಶುರು, ಬಾಗಿ ನಮಸ್ಕರಿಸಿ ಆಟ ಮುಗಿಯಿತು. ಈ ಎರಡು ನಮಸ್ಕಾರಗಳ ನಡುವಿನ ಏಟಿಗೆ ಕ್ಷಮೆ ಕೇಳಬೇಕಿಲ್ಲ ಎಂಬುದು ಅವಳಿಗೆ ಮನದಟ್ಟಾಗುವುದು ಆಡಿ ಆಡಿಯೇ.

ಇದೆಲ್ಲ ನಡೆಯಬೇಕಾದರೆ ಕಟ್ಟುಪಾಡು ಗಟ್ಟಿಯಾಗಿರಬೇಕು. ಎಷ್ಟು ಜೋರಿನ ಆಟ ಎಂದು ಇಬ್ಬರೂ ಮೊದಲೇ ಒಪ್ಪಿಕೊಂಡಿರಬೇಕು. ‘ಸಾಕು’ ಎಂದರೆ ಆ ಕ್ಷಣಕ್ಕೆ ನಿಲ್ಲಬೇಕು, ಕಾರಣ ಕೇಳುವಂತಿಲ್ಲ. ಇಂಥವರ ಜೊತೆ ಆಡುವುದಿಲ್ಲ ಎನ್ನುವ ಹಕ್ಕು ಹುಡುಗಿಗೂ ಇರಬೇಕು, ಹುಡುಗನಿಗೂ ಇರಬೇಕು. ಅಭ್ಯಾಸವೆಲ್ಲ ಮಾಸ್ಟರ ಕಣ್ಣೆದುರಿನಲ್ಲಿ, ಉಳಿದವರ ನಡುವೆ ನಡೆಯಬೇಕು. ಗ್ಲೌಸು, ಹಲ್ಲಿನ ಗಾರ್ಡು, ಎದೆಯ ಗಾರ್ಡು ತಪ್ಪಬಾರದು. ಜೋಡಿಗಳನ್ನು ಆಗಾಗ ಬದಲಿಸುತ್ತಿರಬೇಕು.

ಹಾಗಿದ್ದರೆ ಪಂದ್ಯಗಳಲ್ಲಿ ಗಂಡು ಹೆಣ್ಣಿಗೆ ಬೇರೆ ಬೇರೆ ವಿಭಾಗ ಯಾಕೆ? ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕರಾಟೆ ಇದ್ದಾಗ ಕುಮಿತೆಯಲ್ಲಿ ಪುರುಷರಿಗೆ 3, ಮಹಿಳೆಯರಿಗೆ 3 ತೂಕದ ವಿಭಾಗಗಳಿದ್ದವು. ಪಂದ್ಯದಲ್ಲಿ ಇಬ್ಬರೂ ತಮ್ಮ ಪೂರ್ತಿ ಶಕ್ತಿಯನ್ನು ಹಾಕುತ್ತಾರೆ. ತೋಳು, ಹೆಗಲ ಬಲದಲ್ಲಿ ಗಂಡಿಗೆ ಸರಾಸರಿಯಾಗಿ ಇರುವ ಮೇಲುಗೈಯನ್ನು ಅಲ್ಲಿ ಕಡೆಗಣಿಸಿದರೆ ಅನ್ಯಾಯ. ಅಭ್ಯಾಸದ ಧರ್ಮ ಬೇರೆ. ಅಲ್ಲಿ ಒಬ್ಬರು ಇನ್ನೊಬ್ಬರ ಕಲಿಕೆಗೆ ಮೈ ಕೊಡುತ್ತಾರೆ. ಪಂದ್ಯ ಬೇರೆಯಾಗಿರಲಿ, ಅಭ್ಯಾಸ ಒಟ್ಟಿಗಿರಲಿ.

ಜೂಡೋದಲ್ಲಿ ಈ ಮಾತು ಇನ್ನೂ ಸ್ಪಷ್ಟ. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಕಟ್ಟಿದಾಗ ‘ರಾಂದೊರಿ’ ಎಂಬ ಮುಕ್ತ ಅಭ್ಯಾಸಕ್ಕೆ ದೊಡ್ಡ ಸ್ಥಾನ ಕೊಟ್ಟರು. ಅಂಗಿಯ ಕಾಲರು, ತೋಳು ಹಿಡಿದು ಎದುರಿನವರ ಸಮತೋಲ ತಪ್ಪಿಸುವುದು ಅದರ ತಿರುಳು. ಹುಡುಗ ತಳ್ಳಿದರೆ ಹುಡುಗಿ ಎಳೆಯುತ್ತಾಳೆ, ಎಳೆದರೆ ಜೊತೆಗೇ ನುಗ್ಗುತ್ತಾಳೆ. ಭಾರ ಒಂದೇ ಕಾಲಿಗೆ ಬಂದ ಗಳಿಗೆಯಲ್ಲಿ ಆ ಕಾಲನ್ನು ಗುಡಿಸಿದರೆ ತನಗಿಂತ ತೂಕದವನೂ ನೆಲಕ್ಕೆ. ಕೊಡೊಕಾನ್‌ನಲ್ಲಿ ಮಹಿಳಾ ವಿಭಾಗ ಬಂದದ್ದು 1926ರಲ್ಲಿ. ಒಲಿಂಪಿಕ್ಸ್‌ನಲ್ಲಿ ಮಹಿಳಾ ಜೂಡೋಗೆ ಪದಕ ಸಿಕ್ಕಿದ್ದು 1992ರ ಬಾರ್ಸಿಲೋನಾದಲ್ಲಿ. 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದಲ್ಲಿ ಮೂವರು ಪುರುಷರು, ಮೂವರು ಮಹಿಳೆಯರು ಸೇರಿದ ಮಿಶ್ರ ತಂಡಗಳು ಮೊದಲ ಬಾರಿಗೆ ಪದಕಕ್ಕಾಗಿ ಆಡಿದವು. ಫೈನಲ್‌ನಲ್ಲಿ ಜಪಾನನ್ನು ಅದರ ನೆಲದಲ್ಲೇ ಸೋಲಿಸಿ ಫ್ರಾನ್ಸ್ ಚಿನ್ನ ಗೆದ್ದಿತು.

ಗಂಡು ಹೆಣ್ಣು ಎದುರಾಗಿ ಆಡುವುದಕ್ಕೆ ನಮ್ಮ ನೆರೆಯ ಮಲಬಾರಿನಲ್ಲೇ ಜೀವಂತ ಉದಾಹರಣೆ ಇದೆ. ಕೋಯಿಕ್ಕೋಡ್ ಜಿಲ್ಲೆಯ ವಡಗರದ ಮೀನಾಕ್ಷಿ ಅಮ್ಮ ಕೇರಳದ ಸಮರಕಲೆ ಕಳರಿಪಯಟ್ಟು ಕಲಿಯಲು ಏಳನೆಯ ವಯಸ್ಸಿಗೆ ಕಳರಿಗೆ ಇಳಿದವರು. ಮೈನೆರೆದ ಮೇಲೆ ಹುಡುಗಿಯರು ಕಳರಿ ಬಿಡುವುದು ರೂಢಿಯಾಗಿದ್ದ ಕಾಲದಲ್ಲಿ ಅವರು ಬಿಡಲಿಲ್ಲ. ಗುರುಗಳಾದ ರಾಘವನ್ ಗುರುಕ್ಕಳರನ್ನೇ ಮದುವೆಯಾಗಿ, ಅವರ ನಂತರ ತಾವೇ ಗುರುಸ್ಥಾನದಲ್ಲಿ ನಿಂತರು. 2017ರಲ್ಲಿ ಪದ್ಮಶ್ರೀ ಬಂದಾಗ ಎಪ್ಪತ್ತು ದಾಟಿದ್ದ ಅವರು ಸೀರೆ ಕಚ್ಚೆ ಕಟ್ಟಿ, ಕತ್ತಿ ಗುರಾಣಿ ಹಿಡಿದು ಗಂಡಸರೆದುರು ಆಡುತ್ತಿದ್ದರು. ಕಳರಿ ಎಂದರೆ ನೆಲಮಟ್ಟಕ್ಕಿಂತ ಕೆಳಗೆ ತೋಡಿದ, ಸಾಂಪ್ರದಾಯಿಕವಾಗಿ 42 ಅಡಿ ಉದ್ದ, 21 ಅಡಿ ಅಗಲದ ಮಣ್ಣಿನ ಅಂಕಣ. ಗುರು ಬಾಯಲ್ಲಿ ಹೇಳುವ ‘ವಾಯ್‌ತಾರಿ’ಗೆ ಜೋಡಿಗಳು ಹೆಜ್ಜೆ ಹಾಕುತ್ತವೆ. ಮೊದಲು ಮೈಪಳಗಿಸುವ ಮೆಯ್‌ತಾರಿ, ಆಮೇಲೆ ಕೋಲಿನ ಕೋಲ್‌ತಾರಿ, ಆಮೇಲೆ ಲೋಹದ ಆಯುಧಗಳ ಅಂಕತ್ತಾರಿ, ಕಡೆಗೆ ಬರಿಗೈ. ಕತ್ತಿ ಹಿಡಿದ ಇಬ್ಬರಲ್ಲಿ ಒಬ್ಬರ ಲೆಕ್ಕ ತಪ್ಪಿದರೂ ರಕ್ತ. ಎದುರಿನ ಉಸಿರು, ಕಣ್ಣು, ಹೆಜ್ಜೆಯ ಮೇಲೆ ಇಡುವ ನಂಬಿಕೆಯೇ ಅಲ್ಲಿಯ ನಿಜವಾದ ಗುರಾಣಿ.

ಆಯುಧ ಹಿಡಿದ, ಅಖಾಡಕ್ಕಿಳಿದ ಹೆಣ್ಣಿನ ಚಿತ್ರ ಕನ್ನಡ ನಾಡಿಗೂ ಹೊಸತಲ್ಲ. ಅರೇಹಳ್ಳಿಗೆ ಹತ್ತಿರದ ಬೇಲೂರಿನಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ. 16ನೇ ಶತಮಾನದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನೂನಿಜ್, ಅರಸನ ಬಳಿ ಕುಸ್ತಿಯಾಡುವ ಹೆಂಗಸರೂ ಇದ್ದರೆಂದು ಬರೆದಿಟ್ಟಿದ್ದಾನೆ.

ಕರ್ನಾಟಕ ಸರ್ಕಾರ ಒನಕೆ ಓಬವ್ವನ ಹೆಸರಿನಲ್ಲಿ ಶಾಲೆಯ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯ ಕಲೆ ಕಲಿಸುವ ಯೋಜನೆ ತಂದಿದೆ. ಬಹಳ ಒಳ್ಳೆಯ ಕೆಲಸ. ಅದರ ಮುಂದಿನ ಹೆಜ್ಜೆಯಾಗಿ ಅದೇ ಶಾಲೆಯ ಗಂಡುಮಕ್ಕಳನ್ನೂ ಅಂಗಳಕ್ಕೆ ಕರೆಯಬೇಕೆಂದು ನನ್ನ ಆಸೆ. ಹುಡುಗಿಗೆ ತನಗಿಂತ ಎತ್ತರದ, ತೂಕದ ಮೈಯನ್ನು ಹೆದರದೆ ಅಳೆಯುವ ಕಣ್ಣು ಸಿಗುತ್ತದೆ. ಹುಡುಗನಿಗೆ ತನ್ನ ಬಲವನ್ನು ಗೇಣಿನ ಲೆಕ್ಕದಲ್ಲಿ ಹಿಡಿಯುವುದು ಬರುತ್ತದೆ. ‘ಸಾಕು’ ಎಂಬ ಮಾತಿಗೆ ಅವನ ಮೈ ಯೋಚಿಸದೆ ನಿಲ್ಲುತ್ತದೆ. ಅಂಗಳದಾಚೆಯ ಬದುಕಿನಲ್ಲಿ ಹೆಣ್ಣುಮಕ್ಕಳಿಗೆ ಅವರು ಕಲಿತ ಪಂಚ್ ಎಷ್ಟು ಕಾವಲೋ, ಗಂಡುಮಕ್ಕಳು ಕಲಿತ ಈ ನಿಲುಗಡೆಯೂ ಅಷ್ಟೇ ಕಾವಲು. ಮಗಳನ್ನೋ ಮಗನನ್ನೋ ತರಗತಿಗೆ ಸೇರಿಸುವ ತಂದೆತಾಯಿ ಬೆಲ್ಟು ಯಾವಾಗ ಬರುತ್ತದೆ ಎಂದು ಕೇಳುವ ಮುನ್ನ ಮಾಸ್ಟರನ್ನು ಇನ್ನೊಂದು ಮಾತು ಕೇಳಲಿ: ಹುಡುಗ ಹುಡುಗಿಯರನ್ನು ಜೋಡಿಯಾಗಿ ಆಡಿಸುತ್ತೀರಾ, ಆಡಿಸುವುದಾದರೆ ಅದಕ್ಕೆ ಕಟ್ಟುಪಾಡುಗಳೇನು? ಎರಡಕ್ಕೂ ನೇರ ಉತ್ತರ ಕೊಡುವ ಮಾಸ್ಟರ ಬಳಿ ಮಕ್ಕಳನ್ನು ನಿಶ್ಚಿಂತೆಯಿಂದ ಬಿಡಬಹುದು.