ಬೆಕ್ಕಿನ ರಕ್ತದ ಗುಂಪು ಮತ್ತು ಗಿಣ್ಣುಹಾಲು

1958ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಇಂದು ದನಕರು, ನಾಯಿಗಳ ಜೊತೆಗೆ ಸುತ್ತಲಿನ ಬಡಾವಣೆಗಳ ಸಾಕುಬೆಕ್ಕುಗಳೂ ಬರುತ್ತವೆ. ತೀವ್ರ ರಕ್ತಹೀನತೆಯಿಂದ ಬಳಲುವ ಪ್ರಾಣಿಗೆ ರಕ್ತ ಕೊಡಬೇಕಾದಾಗ, ನಾಯಿಗೆ ಸಲ್ಲುವ ನಿಯಮ ಬೆಕ್ಕಿಗೆ ಸಲ್ಲದೆಂಬುದನ್ನು ಯಲಹಂಕದಿಂದ ಆರ್.ಟಿ. ನಗರದವರೆಗೆ ಬೆಕ್ಕು ಸಾಕುವ ಪ್ರತಿಯೊಬ್ಬರೂ ಅರಿತಿರಬೇಕು: ನಾಯಿಗೆ ಮೊದಲ ಸಲ ಕೊಡುವ ರಕ್ತ ಗುಂಪು ಹೊಂದದಿದ್ದರೂ ಸಾಮಾನ್ಯವಾಗಿ ತಕ್ಷಣ ಅಪಾಯ ಒಡ್ಡದು, ಬೆಕ್ಕಿಗಾದರೋ ಆ ಮೊದಲ ಸಲವೇ ಪ್ರಾಣಾಂತಿಕವಾಗಬಹುದು.

ಬೆಕ್ಕುಗಳಲ್ಲಿ ಎ, ಬಿ ಮತ್ತು ತೀರ ವಿರಳವಾದ ಎಬಿ ಎಂಬ ಗುಂಪುಗಳಿದ್ದು, ಹೆಸರು ಒಂದೇ ಆದರೂ ಮನುಷ್ಯರ ಗುಂಪುಗಳಿಗೂ ಇವಕ್ಕೂ ನಂಟಿಲ್ಲ. ಸಿಎಂಎಎಚ್ ಎಂಬ ಜೀನಿನಿಂದ ಉಂಟಾಗುವ ಕಿಣ್ವವು ಕೆಂಪು ರಕ್ತಕಣಗಳ ಮೇಲ್ಮೈಯಲ್ಲಿರುವ ಸಿಯಾಲಿಕ್ ಆಮ್ಲವೆಂಬ ಸಕ್ಕರೆಯ ರೂಪವನ್ನು ಬದಲಿಸಿದರೆ ಎ ಗುಂಪು, ಜೀನಿನ ದೋಷದಿಂದ ಆ ಕೆಲಸ ನಡೆಯದಿದ್ದರೆ ಬಿ ಗುಂಪು; ಇದೇ ಜೀನ್ ಮನುಷ್ಯಕುಲದಲ್ಲಿ ಲಕ್ಷಾಂತರ ವರ್ಷಗಳ ಹಿಂದೆಯೇ ನಿಷ್ಕ್ರಿಯವಾಗಿದೆಯೆಂಬುದು ಸೋಜಿಗದ ಸಂಗತಿ. ಎ ಪ್ರಬಲ, ಬಿ ದುರ್ಬಲ ಗುಣವಾದ್ದರಿಂದ ತಂದೆ ತಾಯಿ ಇಬ್ಬರಿಂದಲೂ ಬಿ ಬಂದರೆ ಮಾತ್ರ ಮರಿ ಬಿ ಗುಂಪಿನದಾಗುತ್ತದೆ. ಎ ಗುಂಪಿನ ಜೋಡಿಯೊಂದು ಬಿ ಅಂಶವನ್ನು ಒಳಗೆ ಹೊತ್ತಿದ್ದರೆ ಅವುಗಳ ಮರಿಗಳಲ್ಲಿ ಸರಾಸರಿ ನಾಲ್ಕರಲ್ಲೊಂದು ಹಾಗಾದೀತು. ಸಯಾಮೀಸ್ ತಳಿಯಲ್ಲಿ ಬಿ ಗುಂಪು ಕಾಣಸಿಗುವುದೇ ಅಪರೂಪ, ಬ್ರಿಟಿಷ್ ಶಾರ್ಟ್‌ಹೇರ್‌ನಲ್ಲಿ ಸಾಕಷ್ಟಿದೆ.

ಇದರ ಕಠೋರತೆ ನಿಜವಾಗಿ ಕಾಣುವುದು ಬಾಣಂತಿ ಬೆಕ್ಕಿನಲ್ಲಿ. ಬಿ ಗುಂಪಿನ ಬೆಕ್ಕಿನ ರಕ್ತದಲ್ಲಿ ಎ ಕಣಗಳನ್ನು ಒಡೆಯುವ ಪ್ರತಿಕಾಯಗಳು, ಅಂದರೆ ಹೊರಗಿನದನ್ನು ಗುರುತಿಸಿ ಎದುರಿಸುವ ಪ್ರೋಟೀನುಗಳು, ಹಿಂದೆಂದೂ ಪರರಕ್ತ ಪಡೆಯದಿದ್ದರೂ ತಾವಾಗಿಯೇ ಬಲವಾಗಿ ಮೂಡಿರುತ್ತವೆ. ಅದು ಎ ಗುಂಪಿನ ಗಂಡಿನೊಂದಿಗೆ ಕೂಡಿ ಎ ಮರಿಗಳನ್ನು ಹಾಕಿದರೆ, ಆ ಪ್ರತಿಕಾಯಗಳು ಗಿಣ್ಣುಹಾಲಿನ ಮೂಲಕ ಮರಿಗಳ ರಕ್ತ ಸೇರುತ್ತವೆ. ಚುರುಕಾಗಿ ಹುಟ್ಟಿ ಹೊಟ್ಟೆತುಂಬ ಕುಡಿದ ಮರಿಯೇ ಒಂದೆರಡು ದಿನಗಳಲ್ಲಿ ಸೊರಗಿ, ಕಡುಗಂದು ಮೂತ್ರ ಮಾಡಿ ಸಾಯುತ್ತದೆ, ಬದುಕುಳಿದದ್ದರ ಬಾಲದ ತುದಿ ಕಪ್ಪಾಗಿ ಉದುರುವುದೂ ಉಂಟು. ದೃಷ್ಟಿ ತಾಗಿತೆಂದೋ ತಾಯಿ ಸರಿಯಾಗಿ ನೋಡಿಕೊಳ್ಳಲಿಲ್ಲವೆಂದೋ ಕೊರಗುವ ಮನೆಗಳಲ್ಲಿ ಎಷ್ಟೋ ಸಲ ಕಾರಣ ಇದೇ ಇದ್ದಿರಬಹುದು.

ಮರಿಯ ಕರುಳು ಪ್ರತಿಕಾಯಗಳನ್ನು ಹೀರಿಕೊಳ್ಳುವುದು ಹುಟ್ಟಿದ ಮೊದಲ ದಿನ ಮಾತ್ರ. ಆದ್ದರಿಂದ ಜೋಡಿ ಕೂಡಿಸುವ ಮುನ್ನವೇ ಕೆಲವು ಹನಿ ರಕ್ತದಿಂದ ಗುಂಪು ಪರೀಕ್ಷಿಸಿಕೊಂಡು, ತಾಯಿ ಬಿ ಎಂದು ತಿಳಿದಲ್ಲಿ ಮರಿಗಳನ್ನು 24 ಗಂಟೆ ಬೇರ್ಪಡಿಸಿ, ಎ ಗುಂಪಿನ ಬೇರೆ ಬಾಣಂತಿ ಬೆಕ್ಕಿನ ಹಾಲನ್ನೋ ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿಯನ್ನೋ ಕೊಟ್ಟು, ಅನಂತರ ತಾಯಿಯ ಬಳಿ ಬಿಡಬಹುದು.