ಎಸ್‌ಸಿ, ಎಸ್‌ಟಿ ಯುವಜನರಿಗೆ ‘ಉಚಿತ ಐಟಿ ತರಬೇತಿ’: ಉಚಿತವಾದರೆ ₹499 ಯಾಕೆ?

‘ಎಸ್‌ಸಿ, ಎಸ್‌ಟಿ ಪದವೀಧರರಿಗೆ ಸರ್ಕಾರದಿಂದ ಉಚಿತ ಐಟಿ ತರಬೇತಿ. ಲ್ಯಾಪ್‌ಟಾಪ್ ಫ್ರೀ. ಕೆಲಸ ಗ್ಯಾರಂಟಿ. ನೋಂದಣಿ ಶುಲ್ಕ ₹499 ಮಾತ್ರ. ಇವತ್ತೇ ಕೊನೆ ದಿನ, ಎಲ್ಲಾ ಗ್ರೂಪಿಗೂ ಕಳಿಸಿ.’

ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಓದುಗರೊಬ್ಬರು ಈ ಮೆಸೇಜ್ ಅನ್ನು ನಮಗೆ ಕಳಿಸಿ, ‘ನನ್ನ ತಂಗಿ ಬಿಸಿಎ ಮುಗಿಸಿದ್ದಾಳೆ. ದುಡ್ಡು ಕಟ್ಟಬಹುದಾ?’ ಎಂದು ಕೇಳಿದರು. ಕಟ್ಟಬೇಡಿ ಎಂದೆವು. ಆದರೆ ಉತ್ತರ ಅಲ್ಲಿಗೇ ನಿಲ್ಲಬಾರದು. ‘ಇವೆಲ್ಲ ಬರೀ ಸುಳ್ಳು’ ಎಂದು ಸುಮ್ಮನಾದರೆ, ಆ ತಂಗಿಗೆ ನಿಜವಾಗಿ ಸಿಗಬೇಕಾದ ಅವಕಾಶವೂ ಕೈತಪ್ಪುತ್ತದೆ.

ಮೋಸ ಎಲ್ಲಿದೆ?

ಈ ಮೆಸೇಜ್‌ನಲ್ಲಿ ತರಬೇತಿ ಕೊಡುವ ಇಲಾಖೆಯ ಹೆಸರಿಲ್ಲ, ಆದೇಶದ ಸಂಖ್ಯೆಯಿಲ್ಲ, ಕಚೇರಿಯ ವಿಳಾಸವೂ ಇಲ್ಲ. ಹಣ ಹೋಗುವುದು ಯಾರದೋ ಯುಪಿಐ ಐಡಿಗೆ. ಜೊತೆಗೆ ಆಧಾರ್ ಮತ್ತು ಜಾತಿ ಪ್ರಮಾಣಪತ್ರದ ಫೋಟೊ ಕೇಳುತ್ತಾರೆ. ₹499 ಹೋದರೆ ಒಂದು ಸಲದ ನಷ್ಟ. ಆದರೆ ದಾಖಲೆಗಳು ಒಮ್ಮೆ ಕೈಬಿಟ್ಟರೆ ಮತ್ತೆ ಮತ್ತೆ ದುರ್ಬಳಕೆಯಾಗಬಹುದು.

ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜ್ ಮೇಲೆ ಜೋಡಿ ಬಾಣದ ಗುರುತು ಕಂಡರೆ, ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ತುಂಬಾ ಜನ ಕಳಿಸಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ, ನಿಜ ಎಂಬುದಕ್ಕಲ್ಲ.

ಓದಿದವರೂ ಯಾಕೆ ನಂಬುತ್ತಾರೆ?

ಐಟಿ ಕ್ಷೇತ್ರದಲ್ಲಿ ಎಷ್ಟೋ ಅವಕಾಶಗಳು ಪರಿಚಯದವರ ಬಾಯಿಂದಲೇ ತಿಳಿಯುತ್ತವೆ. ಅಣ್ಣನೋ ಚಿಕ್ಕಪ್ಪನೋ ಕಂಪನಿಯಲ್ಲಿದ್ದರೆ ‘ಈ ಕೋರ್ಸ್ ಮಾಡು, ಆ ಕಾರ್ಯಕ್ರಮಕ್ಕೆ ಹೋಗು’ ಎನ್ನುತ್ತಾರೆ. ಮನೆಯಲ್ಲಿ ಮೊದಲ ಸಲ ಡಿಗ್ರಿ ಮಾಡಿದವರಿಗೆ ಹಾಗೆ ಹೇಳುವವರಿಲ್ಲ. ಆ ಖಾಲಿ ಜಾಗಕ್ಕೆ ಫಾರ್ವರ್ಡ್ ಬಂದು ಕೂರುತ್ತದೆ.

ಈ ಕೊರತೆ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದಲ್ಲಿ ಕಪ್ಪು ಜನಾಂಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳು 1975ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆ ಬಳಿಯ ಕೊಳೆಗೇರಿಯೊಂದರಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ಸ್ವಯಂಸೇವಕರು ಅಂಬೇಡ್ಕರ್ ಹೆಸರಿನ ಕಂಪ್ಯೂಟರ್ ಕೇಂದ್ರ ತೆರೆದು, ಅಲ್ಲಿನ ಮಕ್ಕಳಿಗೆ ಉಚಿತ ತಂತ್ರಾಂಶಗಳಲ್ಲೇ ಪಾಠ ಹೇಳಿಕೊಟ್ಟರು. ಪಾಠದಷ್ಟೇ ಮುಖ್ಯವಾದದ್ದು ಅಲ್ಲಿ ಸಿಗುವ ಪರಿಚಯ.

ನಿಜವಾಗಿ ಏನೇನಿದೆ?

• ಎಸ್‌ಸಿ, ಎಸ್‌ಟಿ ಉದ್ಯೋಗಾಕಾಂಕ್ಷಿಗಳಿಗಾಗಿ ಕೇಂದ್ರ ಕಾರ್ಮಿಕ ಸಚಿವಾಲಯದ ನ್ಯಾಷನಲ್ ಕೆರಿಯರ್ ಸರ್ವೀಸ್ ಕೇಂದ್ರ ಬೆಂಗಳೂರಿನಲ್ಲಿದೆ. ಇಂಥ ಕೇಂದ್ರಗಳ ಮೂಲಕ ಉಚಿತ ಕಂಪ್ಯೂಟರ್ ತರಬೇತಿ ನಡೆಯುತ್ತದೆ, ತರಬೇತಿ ವೇಳೆ ಸ್ಟೈಪೆಂಡ್ ಕೂಡ ಇರುತ್ತದೆ.
• ಸ್ವಯಂ ಮತ್ತು ಎನ್‌ಪಿಟೆಲ್ ಜಾಲತಾಣಗಳಲ್ಲಿ ಐಐಟಿ, ಐಐಎಸ್‌ಸಿ ಅಧ್ಯಾಪಕರ ಪಾಠ ಕೇಳುವುದು ಉಚಿತ. ಸರ್ಟಿಫಿಕೇಟ್ ಬೇಕೆನ್ನುವವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಬೇಕು. ಎನ್‌ಪಿಟೆಲ್ ಪರೀಕ್ಷೆಗೆ ಎಸ್‌ಸಿ, ಎಸ್‌ಟಿ ಅಭ್ಯರ್ಥಿಗಳಿಗೆ ರಿಯಾಯಿತಿ ಇದೆ.
• ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್‌ನಲ್ಲಿ ಯಾರು ಬೇಕಾದರೂ ಉಚಿತವಾಗಿ ಕಲಿಯಬಹುದು.
• ಸ್ವಂತ ಸ್ಟಾರ್ಟ್‌ಅಪ್ ಕಟ್ಟುವ ಎಸ್‌ಸಿ, ಎಸ್‌ಟಿ ಉದ್ಯಮಿಗಳಿಗೆ ರಾಜ್ಯ ಸರ್ಕಾರ ‘ಎಲಿವೇಟ್ ಉನ್ನತಿ’ ಹೆಸರಿನಲ್ಲಿ ನೆರವಿನ ಕಾರ್ಯಕ್ರಮ ರೂಪಿಸಿದೆ.
• 1998ರಲ್ಲಿ ಆರಂಭವಾದ ಸಮಾವೇಶವೇ ಇಂದಿನ ಬೆಂಗಳೂರು ಟೆಕ್ ಸಮ್ಮಿಟ್. ಈಗ ಸಾಮಾನ್ಯವಾಗಿ ನವೆಂಬರ್‌ನಲ್ಲಿ ನಡೆಯುತ್ತದೆ. ಕಂಪನಿಯವರನ್ನು ಮುಖಾಮುಖಿ ಮಾತಾಡಿಸಲು ಒಳ್ಳೆಯ ಜಾಗ. ಚನ್ನಪಟ್ಟಣದಿಂದ ಬೆಂಗಳೂರಿಗೆ ಸುಮಾರು 60 ಕಿ.ಮೀ., ರೈಲೂ ಇದೆ.

ಪರೀಕ್ಷಿಸುವುದು ಹೇಗೆ?

‘ಶುಲ್ಕ ಕೇಳಿದರೆಲ್ಲ ಮೋಸ’ ಎಂದೇನಿಲ್ಲ. ಎನ್‌ಪಿಟೆಲ್ ಕೂಡ ಪರೀಕ್ಷೆಗೆ ಶುಲ್ಕ ಪಡೆಯುತ್ತದೆ. ಆದರೆ ಅದನ್ನು ಕಟ್ಟುವುದು ಸಂಸ್ಥೆಯ ಜಾಲತಾಣದಲ್ಲೇ. ಹಾಗಾಗಿ ಹಣ ಯಾರ ಹೆಸರಿಗೆ, ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದನ್ನು ನೋಡಿ.

ಸರ್ಕಾರಿ ಲಿಂಕ್ ಎಂದರೆ, ‘ಎಚ್‌ಟಿಟಿಪಿಎಸ್’ ನಂತರ ಬರುವ ವಿಳಾಸದಲ್ಲಿ ಮೊದಲ ಓರೆಗೆರೆಗೆ ಮುಂಚಿನ ಭಾಗ ‘ಡಾಟ್ ಜಿಒವಿ ಡಾಟ್ ಇನ್’ ಅಥವಾ ‘ಡಾಟ್ ಎನ್‌ಐಸಿ ಡಾಟ್ ಇನ್’ ಎಂದು ಮುಗಿಯಬೇಕು. ನಡುವೆ ಎಲ್ಲೋ ‘ಗವ್’ ಎಂದಿದ್ದರೆ ಸಾಲದು. ಮೆಸೇಜ್ ಜೊತೆ ಬಂದ ಎಪಿಕೆ ಫೈಲ್ ಇನ್‌ಸ್ಟಾಲ್ ಮಾಡಬೇಡಿ, ಒಟಿಪಿ ಹೇಳಬೇಡಿ. ಸಂಶಯವಿದ್ದರೆ ಚನ್ನಪಟ್ಟಣದ ಸಮಾಜ ಕಲ್ಯಾಣ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಈಗಾಗಲೇ ಹಣ ಕಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಆ ತಂಗಿಗೆ ನಾವು ಕಳಿಸಿದ್ದು ಮೇಲಿನ ಪಟ್ಟಿಯನ್ನೇ. ಮುಂದಿನ ಸಲ ಇಂಥ ಮೆಸೇಜ್ ನಿಮ್ಮ ಗ್ರೂಪಿಗೆ ಬಂದಾಗ ‘ಫೇಕ್’ ಎಂದಷ್ಟೇ ಬರೆದು ಬಿಡಬೇಡಿ, ಈ ಪಟ್ಟಿಯನ್ನೂ ಹಾಕಿ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.