ಟೈರಿನ ಮೈಮೇಲಿನ ಬರಹ: ಹಣ ತೆರುವ ಮುನ್ನ ಓದಿ

ತೂಕ, ಅಳತೆ, ತಯಾರಿಕೆಯ ದಿನಾಂಕಗಳನ್ನು ಪರಿಶೀಲಿಸದೆ ಸರಕಿಗೆ ಹಣ ತೆರುವ ವ್ಯಾಪಾರಿ ವಿರಳ. ಆದರೆ ಅದೇ ವ್ಯಾಪಾರಿ ತನ್ನ ಕಾರಿಗೆ ಟೈರು ಕೊಳ್ಳುವಾಗ ಬೆಲೆಯನ್ನಷ್ಟೇ ವಿಚಾರಿಸಿ ಅಂಗಡಿಯವರು ಕೊಟ್ಟದ್ದನ್ನು ಹಾಕಿಸಿಕೊಳ್ಳುತ್ತಾನೆ. ಟೈರಿನ ಗುಣಲಕ್ಷಣಗಳೆಲ್ಲವೂ ಅದರ ಪಾರ್ಶ್ವಭಾಗದಲ್ಲಿಯೇ ಅಚ್ಚಾಗಿರುತ್ತವೆ. ಅವುಗಳನ್ನು ಓದಬಲ್ಲವನಿಗೆ ಹಣವೂ ಉಳಿಯುತ್ತದೆ, ಪ್ರಾಣಾಪಾಯವೂ ತಪ್ಪುತ್ತದೆ.

ಅಳತೆಯ ಸಾಲು

ಉದಾಹರಣೆಗೆ, ‘185/65 ಆರ್ 15 88 ಎಚ್’ ಎಂಬ ಬರಹವನ್ನು ಪರಿಗಣಿಸಬಹುದು. ಇದರಲ್ಲಿ 185 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 65 ಎಂಬುದು ಎತ್ತರವಲ್ಲ. ಪಾರ್ಶ್ವಭಾಗದ ಎತ್ತರವು ಅಗಲದ ಶೇ. 65ರಷ್ಟು, ಅಂದರೆ ಸುಮಾರು 120 ಮಿ.ಮೀ. ಎಂದರ್ಥ. ‘ಆರ್’ ಅಕ್ಷರವು ರೇಡಿಯಲ್ ರಚನೆಯನ್ನೂ, 15 ಎಂಬುದು ರಿಮ್ಮಿನ ವ್ಯಾಸವನ್ನು ಇಂಚುಗಳಲ್ಲಿಯೂ ಸೂಚಿಸುತ್ತವೆ. ವಿಚಿತ್ರವೆನಿಸಿದರೂ ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾವಾರು ಮತ್ತು ಇಂಚು ಮೂರೂ ಇವೆ. ಅಳತೆ ಬದಲಾದರೆ ಚಕ್ರದ ಸುತ್ತಳತೆ ಬದಲಾಗುತ್ತದೆ. ವೇಗಮಾಪಕವು ತಪ್ಪು ತೋರಿಸುತ್ತದೆ.

ಭಾರದ ಲೆಕ್ಕ

ಕೊನೆಯ 88 ಎಂಬ ಸಂಖ್ಯೆ ವ್ಯಾಪಾರಿಗಳಿಗೆ ಅತಿ ಮುಖ್ಯ. ಇದು ಕಿಲೋಗ್ರಾಂ ಅಲ್ಲ, ಭಾರ ಸೂಚ್ಯಂಕ. 88 ಎಂದರೆ ಸರಿಯಾದ ಗಾಳಿಯಿರುವಾಗ ಒಂದು ಟೈರು 560 ಕಿ.ಗ್ರಾಂ. ಹೊರಬಲ್ಲದು, 82 ಎಂದರೆ 475 ಕಿ.ಗ್ರಾಂ. ಮಾತ್ರ. ಸೂಚ್ಯಂಕದಲ್ಲಿ ಆರು ಅಂಕ ಇಳಿದರೆ ಹಿಂಬದಿಯ ಎರಡು ಟೈರುಗಳ ಸಾಮರ್ಥ್ಯ 170 ಕಿ.ಗ್ರಾಂ. ಕುಗ್ಗುತ್ತದೆ. ಈ ಸಾಮರ್ಥ್ಯದಲ್ಲಿ ಕಾರಿನ ಸ್ವಂತ ತೂಕವೂ ಸೇರಿದೆ. ಹಿಂದಿನ ಸೀಟು ಮಡಿಸಿ ಬಟ್ಟೆಯ ಗಂಟು ಅಥವಾ ಬಿಡಿಭಾಗಗಳ ಪೆಟ್ಟಿಗೆಗಳನ್ನು ಹೇರುವವರು ಇದನ್ನು ಗಮನಿಸತಕ್ಕದ್ದು. ಕಾರು ತಯಾರಕರು ಸೂಚಿಸಿದ್ದಕ್ಕಿಂತ ಕಡಿಮೆ ಸೂಚ್ಯಂಕದ ಟೈರು ಅಗ್ಗವಾಗಿ ದೊರೆತರೂ ಕೊಳ್ಳಬಾರದು.

‘ಎಚ್’ ಅಕ್ಷರವು ಗಂಟೆಗೆ 210 ಕಿ.ಮೀ., ‘ಟಿ’ 190 ಕಿ.ಮೀ. ವೇಗದ ಮಿತಿಯನ್ನು ಸೂಚಿಸುತ್ತವೆ. ನಮ್ಮ ರಸ್ತೆಗಳಲ್ಲಿ ಅಷ್ಟು ವೇಗದ ಅಗತ್ಯವಿಲ್ಲದಿದ್ದರೂ, ಟೈರು ಎಷ್ಟು ಶಾಖವನ್ನು ತಾಳಬಲ್ಲದೆಂಬುದರ ಸುಳಿವು ಇದರಲ್ಲಿದೆ.

ಗಾಳಿಯ ಒತ್ತಡ

ಪಾರ್ಶ್ವಭಾಗದಲ್ಲಿ ನಮೂದಿಸಿರುವ ಗರಿಷ್ಠ ಒತ್ತಡವನ್ನೇ ತುಂಬಬೇಕಾದ ಗಾಳಿಯೆಂದು ಭಾವಿಸುವುದು ಸಾಮಾನ್ಯ ತಪ್ಪು. ಅದು ಮೀರಬಾರದ ಎಲ್ಲೆ. ತುಂಬಬೇಕಾದ ಪ್ರಮಾಣವು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಬಳಿಯ ಚೀಟಿಯಲ್ಲಿಯೂ, ವಾಹನದ ಕೈಪಿಡಿಯಲ್ಲಿಯೂ ಇರುತ್ತದೆ. ಪೂರ್ಣ ಭಾರಕ್ಕೆ ಬೇರೆಯೇ ಪ್ರಮಾಣವಿರುವುದುಂಟು. ಗಾಳಿ ಕಡಿಮೆಯಾದಲ್ಲಿ ಪಾರ್ಶ್ವಭಾಗವು ಅತಿಯಾಗಿ ಬಾಗಿ, ಕಾದು, ಸಿಡಿಯುವ ಸಂಭವವಿದೆ.

ಹುಟ್ಟಿದ ವಾರ

‘ಡಿಒಟಿ’ ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. ‘3523’ ಎಂದಿದ್ದರೆ 2023ರ 35ನೆಯ ವಾರ, ಅಂದರೆ ಆಗಸ್ಟ್ ಅಂತ್ಯ. ಈ ಅಂಕಿಗಳು ಟೈರಿನ ಒಂದೇ ಬದಿಯಲ್ಲಿರುವುದೂ ಉಂಟು. ಕಾಣದಿದ್ದರೆ ಒಳಬದಿಯನ್ನು ನೋಡಬೇಕು. ಬಳಸದೆ ಇಟ್ಟಿದ್ದರೂ ರಬ್ಬರು ಗಡಸಾಗುತ್ತಾ ಹೋಗುತ್ತದೆ. ಆದ್ದರಿಂದ ಹಳೆಯ ದಾಸ್ತಾನನ್ನು ಹೊಸದರ ಬೆಲೆಗೆ ಕೊಳ್ಳುವುದು ನಷ್ಟದ ವ್ಯವಹಾರ. ಡಿಕ್ಕಿಯಲ್ಲಿರುವ ಹೆಚ್ಚುವರಿ ಚಕ್ರಕ್ಕೂ ಈ ಮಾತು ಅನ್ವಯಿಸುತ್ತದೆ.

ಇತರ ಗುರುತುಗಳು

ಭಾರತದಲ್ಲಿ 2009ರ ಗುಣಮಟ್ಟ ನಿಯಂತ್ರಣ ಆದೇಶದ ಅನ್ವಯ ಟೈರುಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಕಾರಿನ ಟೈರುಗಳಿಗೆ ಸಂಬಂಧಿಸಿದ ಮಾನಕ ಐಎಸ್ 15633. ‘ಟಿಡಬ್ಲ್ಯುಐ’ ಎಂಬ ಅಕ್ಷರಗಳ ನೇರಕ್ಕೆ ಗಾಡಿಗಳಲ್ಲಿ, ಅಂದರೆ ಟೈರಿನ ಮೇಲ್ಮೈಯ ಸೀಳುಗಳಲ್ಲಿ, ಸಣ್ಣ ಉಬ್ಬುಗಳಿವೆ. ಮೇಲ್ಮೈ ಸವೆದು ಈ ಉಬ್ಬುಗಳಿಗೆ ಸಮನಾದರೆ 1.6 ಮಿ.ಮೀ. ಆಳ ಮಾತ್ರ ಉಳಿದಿದೆಯೆಂದು ತಿಳಿದು ಟೈರನ್ನು ಬದಲಿಸಬೇಕು. ಬಾಣದ ಗುರುತಿದ್ದಲ್ಲಿ ಚಕ್ರವು ಆ ದಿಕ್ಕಿನಲ್ಲಿಯೇ ಉರುಳುವಂತೆ ಜೋಡಿಸಬೇಕು.

ಟೈರು ಕೊಳ್ಳುವಾಗ ಅಳತೆ, ಭಾರ ಸೂಚ್ಯಂಕ, ವೇಗದ ಅಕ್ಷರ ಮತ್ತು ತಯಾರಿಕೆಯ ವಾರವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಲೇಸು. ಮುಂದೆ ದೋಷ ಕಂಡುಬಂದು ವಾರಂಟಿ ಕೇಳಬೇಕಾದಾಗ ಆ ಒಂದು ಸಾಲು ವಾದವಿವಾದವನ್ನು ತಪ್ಪಿಸುತ್ತದೆ. ಇದಕ್ಕೆ ತಗಲುವ ಸಮಯ ಎರಡೇ ನಿಮಿಷ.